ಬರೆದಿದ್ದೆ, ಹೇಳಿರಲಿಲ್ಲ

(ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯ ಹೊರಗೆ, ಹಲಸಿನ ಮರದ ನೆರಳಿನಲ್ಲಿ ಆಂಬುಲೆನ್ಸ್ ನಿಂತಿದೆ. ಅದರಲ್ಲಿ ಶುಶ್ರೂಷಕಿಯಾಗಿರುವ ಅಕ್ಕನಿಗೆ ತಮ್ಮ ಬುತ್ತಿ ತಂದಿದ್ದಾನೆ. ಅವನು ಇಂಗ್ಲೆಂಡಿನ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್. ರಜೆಗೆ ಊರಿಗೆ ಬಂದಿದ್ದಾನೆ.)

ತಮ್ಮ: ಅಕ್ಕ, ಪ್ಯಾಂಟಿನ ತೊಡೆಯ ಮೇಲೆ ಪ್ಲಾಸ್ಟರ್ ಪಟ್ಟಿ ಅಂಟಿಸಿಕೊಂಡಿದ್ದೀಯಲ್ಲ, ಅದರಲ್ಲಿ 8.40, 90/60, 118 ಅಂತ ಬರೆದಿದೆ. ಗಾಡಿಯೊಳಗೆ ಟ್ಯಾಬ್ಲೆಟ್ ಇದ್ದೂ ಬಟ್ಟೆಯ ಮೇಲೆ ಬರೆದುಕೊಳ್ಳುತ್ತೀಯ?

ಅಕ್ಕ: ಬೆಳಗಿನ ಕೇಸಿನದು, ಕೀಳಲು ಮರೆತೆ. ಅಡಿಕೆ ಮರದಿಂದ ಬಿದ್ದ ಕೊನೆಗಾರ. ಕುತ್ತಿಗೆ ಅಲುಗದ ಹಾಗೆ ಹಿಡಿಯಬೇಕು, ಡ್ರಿಪ್ ಹಾಕಬೇಕು, ಕಾಲಿನ ರಕ್ತ ನಿಲ್ಲಿಸಬೇಕು. ಇರುವುದು ಎರಡೇ ಕೈ. ಗ್ಲೌಸ್ ಒದ್ದೆಯಾಗಿದ್ದರೆ ಪರದೆ ಮುಟ್ಟಿದರೂ ಕೇಳುವುದಿಲ್ಲ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಟೈಪ್ ಮಾಡಲು ಹೋದರೆ ಬಿಪಿಯ ಜಾಗದಲ್ಲಿ ನಾಡಿ, ನಾಡಿಯ ಜಾಗದಲ್ಲಿ ವಯಸ್ಸು ಕೂರುತ್ತದೆ. ಅದಕ್ಕೇ ಮೊದಲು ಪಟ್ಟಿಯ ಮೇಲೆ ಗೀಚಿಕೊಳ್ಳುವುದು, ರೋಗಿ ಸ್ವಲ್ಪ ಹಿಡಿತಕ್ಕೆ ಬಂದಮೇಲೆ ಟ್ಯಾಬ್ಲೆಟ್ಟಿಗೆ ಏರಿಸುವುದು.

ತಮ್ಮ: ನಮ್ಮಲ್ಲಿಗೆ ಬರುವ ಪ್ಯಾರಾಮೆಡಿಕ್‌ಗಳೂ ಹಾಗೇ. ಕೈಗವಸಿನ ಹಿಂಬದಿಯಲ್ಲಿ ಪೆನ್ನಿನಿಂದ ಬರೆದುಕೊಂಡೇ ಒಳಗೆ ಬರುತ್ತಾರೆ. ಅಲ್ಲಿ ವಿದ್ಯುನ್ಮಾನ ದಾಖಲೆ ಬಂದು ವರ್ಷಗಳೇ ಆದವು. ಗ್ಲೌಸಿನ ಬರಹ ಮಾತ್ರ ಹೋಗಿಲ್ಲ.

ಅಕ್ಕ: ಹೋಗಬೇಕಾಗಿಯೂ ಇಲ್ಲ ಮಾರಾಯ. ಇದು ಕರಡು, ಅದು ಶುದ್ಧಪ್ರತಿ. ಕರಡಿನಿಂದ ಶುದ್ಧಪ್ರತಿಗೆ ಹೋಗುವ ದಾರಿಯಲ್ಲಿ ಏನೂ ಉದುರದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ.

ತಮ್ಮ: ನೀನು ಸೇರಿದಾಗ ಕಾಗದ ಇತ್ತಲ್ಲ?

ಅಕ್ಕ: ಕಾರ್ಬನ್ ಹಾಳೆ ಇಟ್ಟು ಒತ್ತಿ ಬರೆಯುತ್ತಿದ್ದೆವು. ಒಂದು ಪ್ರತಿ ಆಸ್ಪತ್ರೆಗೆ, ಒಂದು ನಮಗೆ. ಮಳೆಗಾಲದಲ್ಲಿ ಶಾಯಿ ಕಲಸಿ ಹೋಗುತ್ತಿತ್ತು. ಆದರೂ ಅದು ದೊಡ್ಡದೇ. 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ 108 ಆರೋಗ್ಯ ಕವಚ ಶುರುವಾಗುವ ಮೊದಲು ಈ ಭಾಗದ ಎಷ್ಟೋ ಮನೆಗಳಿಂದ ರೋಗಿಯನ್ನು ಕಂಬಳಿ ಜೋಲಿಯಲ್ಲಿ ರಸ್ತೆಗೆ ಹೊತ್ತು ತಂದು, ಸಿಕ್ಕಿದ ಜೀಪಿಗೆ ಹಾಕುತ್ತಿದ್ದರು. ದಾರಿಯಲ್ಲಿ ಏನಾಯಿತು ಅನ್ನುವುದಕ್ಕೆ ಹೊತ್ತವರ ಬಾಯಿಮಾತೇ ದಾಖಲೆ.

ತಮ್ಮ: ಈಗ ಟ್ಯಾಬ್ಲೆಟ್ ಬಂದಮೇಲೆ ಕೆಲಸದಲ್ಲಿ ಏನು ಬದಲಾಯಿತು?

ಅಕ್ಕ: ಕೆಲವನ್ನು ನಾನು ಬರೆಯಬೇಕಾಗಿಯೇ ಇಲ್ಲ. ಕರೆ ಬಂದ ಹೊತ್ತು, ಗಾಡಿ ಹೊರಟ ಹೊತ್ತು, ಸ್ಥಳ ತಲುಪಿದ್ದು, ಅಲ್ಲಿಂದ ಬಿಟ್ಟಿದ್ದು, ಆಸ್ಪತ್ರೆ ಮುಟ್ಟಿದ್ದು, ಇವೆಲ್ಲ ತಾವಾಗಿ ಕೂರುತ್ತವೆ. ನಾನು ತುಂಬಬೇಕಾದದ್ದು ಕಂಡದ್ದು, ಕೇಳಿದ್ದು, ಮಾಡಿದ್ದು. ಉಸಿರು ನಿಮಿಷಕ್ಕೆ ಎಷ್ಟು, ಪ್ರಜ್ಞೆ ಹೇಗಿದೆ, ಯಾವ ಔಷಧ ಎಷ್ಟು ಗಂಟೆಗೆ ಕೊಟ್ಟೆ. ಘಾಟಿಯಲ್ಲಿ ಸಿಗ್ನಲ್ ಸತ್ತರೂ ದಾಖಲೆ ಟ್ಯಾಬ್ಲೆಟ್ಟಿನೊಳಗೇ ಉಳಿದು, ಸಿಗ್ನಲ್ ಬಂದಕೂಡಲೇ ಹೋಗುತ್ತದೆ. ಆದರೆ ಹಾಗೆ ಹೋಗುವ ಹೊತ್ತಿಗೆ ರೋಗಿ ಆಸ್ಪತ್ರೆಯ ಬಾಗಿಲಲ್ಲಿ ಇರುವುದೂ ಉಂಟು.

ತಮ್ಮ: ರೋಗಿಯ ಹಳೆಯ ವಿವರ? ಅಲ್ಲಿ ಆಂಬುಲೆನ್ಸಿನವರು ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ಕೊಡುವ ಹತ್ತು ಅಂಕಿಯ ಸಂಖ್ಯೆ ಹಿಡಿದು ಸಂಕ್ಷಿಪ್ತ ಆರೋಗ್ಯ ದಾಖಲೆ ತೆರೆಯಬಹುದು. ಯಾವ ಮಾತ್ರೆ ನಡೆಯುತ್ತಿದೆ, ಯಾವುದಕ್ಕೆ ಅಲರ್ಜಿ, ಯಾವ ಔಷಧ ಹಿಂದೆ ತೊಂದರೆ ಕೊಟ್ಟಿತ್ತು, ಇಷ್ಟಾದರೂ ಅದರಲ್ಲಿ ಇರುತ್ತದೆ.

ಅಕ್ಕ: ನನ್ನ ಸಂಕ್ಷಿಪ್ತ ದಾಖಲೆ ಗೋಡೆಯ ಮೊಳೆಗೆ ನೇತು ಹಾಕಿದ ಪ್ಲಾಸ್ಟಿಕ್ ಕವರು. ಜವಳಿ ಅಂಗಡಿಯ ಕವರೊಳಗೆ ಹತ್ತು ವರ್ಷದ ಚೀಟಿ, ಸ್ಕ್ಯಾನಿಂಗ್ ಫಿಲ್ಮು, ಖಾಲಿ ಮಾತ್ರೆಯ ಹಾಳೆ. ಮನೆಯೊಳಗೆ ಕಾಲಿಟ್ಟ ತಕ್ಷಣ ನಾನು ಕೇಳುವುದು, 'ಆಸ್ಪತ್ರೆ ಕವರು ಎಲ್ಲಿ?' ಅಂತ. ಬಸುರಿಯಾದರೆ 'ತಾಯಿ ಕಾರ್ಡ್ ಎಲ್ಲಿ?' ಅಂತ. ಆ ಕಾರ್ಡ್ ಒಂದಿದ್ದರೆ ರಕ್ತದ ಗುಂಪು, ಹಿಮೋಗ್ಲೋಬಿನ್, ಹಿಂದಿನ ಹೆರಿಗೆ ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಪ್ರಜ್ಞೆ ಇಲ್ಲದವರ ಪರವಾಗಿ ಮಾತಾಡುವುದು ಆ ಕಾಗದವೇ.

ತಮ್ಮ: ಹಳೆಯದು ಗೊತ್ತಿಲ್ಲದೆ ಕೈ ತಪ್ಪುವ ಸಂದರ್ಭ ಯಾವುದು ಅಂತ ಕೇಳಿದರೆ ನನಗೆ ಮೊದಲು ನೆನಪಾಗುವುದು ಆಮ್ಲಜನಕ. ಉಸಿರಾಡಲು ಕಷ್ಟಪಡುವವರನ್ನು ನೋಡಿದರೆ ಮಾಸ್ಕ್ ಹಾಕಿ ಪೂರ್ತಿ ತಿರುಗಿಸಿಬಿಡಬೇಕು ಅನಿಸುತ್ತದೆ. ಬೇರೆಯವರಿಗೆ ರಕ್ತದ ಆಮ್ಲಜನಕದ ಮಟ್ಟ, ಅಂದರೆ ಸ್ಯಾಚುರೇಶನ್, ಶೇಕಡಾ 94ರಿಂದ 98ರ ನಡುವೆ ಇರಲಿ ಅಂತ ನೋಡಿದರೆ, ಶ್ವಾಸಕೋಶ ಬಹುಕಾಲದಿಂದ ಕೆಟ್ಟಿರುವ ಸಿಒಪಿಡಿಯವರಿಗೆ 88ರಿಂದ 92 ಸಾಕು. ಅದಕ್ಕಿಂತ ಮೇಲೆ ಎಳೆದರೆ ಕೆಲವರಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಅದಕ್ಕೇ ರೋಗಿಯ ಸ್ಥಿತಿ ಕೆಡುತ್ತಿದೆಯೇ ಅಂತ ಅಳೆಯುವ ಬ್ರಿಟನ್ನಿನ ಎಚ್ಚರಿಕೆಯ ಅಂಕಪಟ್ಟಿಯನ್ನು 2017ರಲ್ಲಿ ಪರಿಷ್ಕರಿಸಿದಾಗ ಇಂಥವರಿಗೆಂದೇ ಸ್ಯಾಚುರೇಶನ್ನಿಗೆ ಎರಡನೆಯ ಅಳತೆಗೋಲು ಸೇರಿಸಿದರು.

ಅಕ್ಕ: ನಮ್ಮಲ್ಲಿ ಇಡೀ ಆಯುಷ್ಯ ಒಲೆ ಊದಿದ ಅಜ್ಜಿಯರಿದ್ದಾರೆ. ಬೀಡಿ ಮುಟ್ಟಿದವರಲ್ಲ. ಹೊಗೆಯಲ್ಲೇ ಅನ್ನ ಬೇಯಿಸಿದವರು. ಅವರ ಎದೆ ಹೇಗಿದೆ ಅಂತ ಯಾವ ಚೀಟಿಯಲ್ಲೂ ಇರುವುದಿಲ್ಲ. ಅಡುಗೆಮನೆಯ ಮಾಡಿನ ಕಿಟ್ಟ ನೋಡಿ ನಾನೇ ತಿಳಿದುಕೊಳ್ಳಬೇಕು, ತಿಳಿದದ್ದನ್ನು ದಾಖಲೆಯಲ್ಲಿ ಬರೆಯಬೇಕು. ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಕುಳಿತವರಿಗೆ ಆ ಮನೆ ಕಾಣುವುದಿಲ್ಲ.

ತಮ್ಮ: ಆಭಾ ಸಂಖ್ಯೆ ಇದೆಯಲ್ಲ? ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. 14 ಅಂಕಿಯ ಒಂದು ಸಂಖ್ಯೆಯ ಕೆಳಗೆ ಬೇರೆ ಬೇರೆ ಆಸ್ಪತ್ರೆಯ ಕಾಗದಗಳು ಸೇರಬಹುದು.

ಅಕ್ಕ: ಒಳ್ಳೆಯ ದಾರಿಯೇ. ಆದರೆ ಅದರ ಬೀಗ ಒಪ್ಪಿಗೆ. ಒಪ್ಪಿಗೆ ಕೊಡಬೇಕಾದದ್ದು ರೋಗಿಯ ಫೋನಿನಿಂದ. ನನ್ನ ಗಾಡಿ ಹತ್ತುವವರಲ್ಲಿ ಎಷ್ಟೋ ಜನರಿಗೆ ಕಣ್ಣು ಬಿಡುವ ಶಕ್ತಿಯೂ ಇರುವುದಿಲ್ಲ.

ತಮ್ಮ: 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ಜಾಗ ಇಟ್ಟಿದ್ದಾರೆ. ಜೀವಕ್ಕೆ ಅಪಾಯ ಇರುವ ತುರ್ತಿನಲ್ಲಿ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು. ಆದರೆ ಕಾಯ್ದೆ ಬಾಗಿಲು ತೆರೆದರೆ ಸಾಲದು, ಗಾಡಿಯಿಂದ ಆ ಬಾಗಿಲಿನವರೆಗೆ ದಾರಿಯೂ ಇರಬೇಕು. ಇಂಗ್ಲೆಂಡಿನಲ್ಲಿ ರೋಗಿಯ ದಾಖಲೆಯನ್ನು ತುರ್ತಿನಲ್ಲಿ ತೆರೆದರೂ ಯಾರು, ಯಾವಾಗ, ಯಾಕೆ ತೆರೆದರು ಅನ್ನುವುದು ದಾಖಲಾಗುತ್ತದೆ. ನೋಡಿದವರನ್ನೂ ನೋಡುವ ಕಣ್ಣು ಇರುತ್ತದೆ.

ಅಕ್ಕ: ಅದು ಇರಲೇಬೇಕು. ಇಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಗಾಡಿ ಓಡಿಸುವ ಪೈಲಟ್ ರೋಗಿಯ ಮನೆಯವರ ನೆಂಟನೇ ಆಗಿರಬಹುದು. ಒಬ್ಬ ಹೆಣ್ಣುಮಗಳಿಗೆ ಗರ್ಭ ಇಳಿದದ್ದು, ಒಬ್ಬನ ಎಚ್‌ಐವಿ ಮಾತ್ರೆ, ಇಂಥದ್ದೆಲ್ಲ ಪರದೆಯ ಮೇಲೆ ಇರುವಾಗ ನಾನು ಟ್ಯಾಬ್ಲೆಟ್ ಎದೆಗೆ ಒತ್ತಿ ಹಿಡಿದುಕೊಳ್ಳುತ್ತೇನೆ. ಕಾಗದ ಇದ್ದಾಗ ಮಡಚಿ ಜೇಬಿಗೆ ಹಾಕುತ್ತಿದ್ದೆ, ಹಾಗೆ.

ತಮ್ಮ: ಹೊತ್ತಿನ ಲೆಕ್ಕ ಹೇಗೆ ಹಿಡಿಯುತ್ತೀಯ? ಲಕ್ವದ ಕೇಸು ಬಂದರೆ ನಾವು ಮೊದಲು ಕೇಳುವುದೇ ಅದು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಅದನ್ನು ಎಣಿಸುವುದು ಮನೆಯವರು ನೋಡಿದ ಹೊತ್ತಿನಿಂದಲ್ಲ, ರೋಗಿ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ.

ಅಕ್ಕ: ಹಳ್ಳಿಯಲ್ಲಿ ಗಡಿಯಾರ ನೋಡಿ ಹೊತ್ತು ಹೇಳುವವರು ಕಡಿಮೆ. 'ದನ ಬಿಡುವ ಹೊತ್ತಿಗೆ ಮಾತಾಡಿದ್ದರು' ಅನ್ನುತ್ತಾರೆ. ಒಂದು ದಿನ ಒಬ್ಬ ಯಜಮಾನರು ಬಲಗೈ ಬಿದ್ದು, ಬಾಯಿ ಸೊಟ್ಟಗಾಗಿ ಅಂಗಳದಲ್ಲಿ ಕುಸಿದಿದ್ದರು. ಸೊಸೆ ನೋಡಿದ್ದು ಎಂಟೂವರೆಗೆ. ಅದಕ್ಕೆ ಮೊದಲು ಯಾವಾಗ ಚೆನ್ನಾಗಿದ್ದರು ಅಂತ ಯಾರಿಗೂ ಗೊತ್ತಿಲ್ಲ. ಅಂಗಿ ಬಿಚ್ಚುವಾಗ ಜೇಬಿನಲ್ಲಿ ಹಾಲಿನ ಡೈರಿಯ ಚೀಟಿ ಸಿಕ್ಕಿತು. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಷ್ಟು ಗಂಟೆಗೆ ಅಂತ ಯಂತ್ರ ಅಚ್ಚು ಹಾಕಿತ್ತು: 7.12. ಡೈರಿಯವನಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ. 'ನಕ್ಕುಕೊಂಡೇ ಕ್ಯಾನ್ ಎತ್ತಿಕೊಂಡು ಹೋದರಲ್ಲ' ಅಂದ. ದಾಖಲೆಯಲ್ಲಿ 'ಕೊನೆಯ ಸಲ ಸರಿಯಾಗಿ ಕಂಡದ್ದು 7.12' ಅಂತ ಬರೆದು, ಹೇಗೆ ಗೊತ್ತಾಯಿತು ಅನ್ನುವುದನ್ನೂ ಬರೆದು, ಚೀಟಿಯ ಫೋಟೊ ಸೇರಿಸಿದೆ. ಡಾಕ್ಟರಿಗೆ ಗಡುವು ಎಣಿಸಲು ಒಂದು ನೆಲೆ ಸಿಕ್ಕಿತು.

ತಮ್ಮ: ಹಸುವಿನ ಹಾಲಿಗೆ ದಿನಕ್ಕೆರಡು ಸಲ ಯಂತ್ರದಲ್ಲಿ ದಾಖಲೆ. ಆ ಯಜಮಾನರ ಬಿಪಿಗೆ?

ಅಕ್ಕ: ವರ್ಷಕ್ಕೊಂದು ಸಲವೂ ಇರಲಿಲ್ಲ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ಅವತ್ತು ಕಲಿತೆ, ದಾಖಲೆ ಎಲ್ಲಿ ಬೇಕಾದರೂ ಇರುತ್ತದೆ, ಹುಡುಕುವ ಬುದ್ಧಿ ಇರಬೇಕು. ಇನ್ನೊಂದು ಮಾತು. ಮಾನಿಟರಿನ ಗಡಿಯಾರ, ಟ್ಯಾಬ್ಲೆಟ್ಟಿನ ಗಡಿಯಾರ, ನನ್ನ ಕೈಗಡಿಯಾರ ಮೂರೂ ಬೇರೆ ಬೇರೆ ಹೇಳಿದ ದಿನವೂ ಇದೆ. ಹೃದಯ ನಿಂತವರಿಗೆ ನಾಲ್ಕು ನಿಮಿಷದ ಅಂತರ ಅಂದರೆ ಅದು ಇಡೀ ಕಥೆಯನ್ನೇ ಬದಲಿಸುತ್ತದೆ. ಡ್ಯೂಟಿ ಶುರುವಾಗುವಾಗ ಮೂರನ್ನೂ ಒಂದಕ್ಕೆ ಹೊಂದಿಸಿಯೇ ಗಾಡಿ ಹತ್ತುವುದು ನನ್ನ ಪದ್ಧತಿ.

ತಮ್ಮ: ಅಂಥದೇ ತೊಡಕಿನಿಂದ ಒಂದು ದೊಡ್ಡ ಕೆಲಸ ಹುಟ್ಟಿತು. 1990ರಲ್ಲಿ ನಾರ್ವೆಯ ಉಟ್‌ಸ್ಟೈನ್ ಎಂಬ ಹಳೆಯ ಮಠದಲ್ಲಿ ಬೇರೆ ಬೇರೆ ದೇಶದ ವೈದ್ಯರು ಸೇರಿದರು. ಆಸ್ಪತ್ರೆಯ ಹೊರಗೆ ಹೃದಯ ನಿಂತವರ ಬಗ್ಗೆ ಒಂದೊಂದು ಊರು ಒಂದೊಂದು ರೀತಿ ಬರೆಯುತ್ತಿತ್ತು, ಹೋಲಿಸಲು ಆಗುತ್ತಿರಲಿಲ್ಲ. ಕರೆ ಬಂದ ಹೊತ್ತು ಅಂದರೆ ಯಾವುದು, ಎದೆ ಒತ್ತಲು ಶುರು ಮಾಡಿದವರು ಯಾರು, ಮೊದಲು ಕಂಡ ಹೃದಯದ ಲಯ ಯಾವುದು, ಇವಕ್ಕೆಲ್ಲ ಎಲ್ಲರೂ ಒಂದೇ ಅರ್ಥ ಇಟ್ಟುಕೊಳ್ಳುವ ಹಾಗೆ ಮಾಡಿದರು. ಇವತ್ತಿಗೂ ಉಟ್‌ಸ್ಟೈನ್ ಮಾದರಿ ಅಂತಲೇ ಕರೆಯುತ್ತಾರೆ.

ಅಕ್ಕ: ಒಂದೇ ಸೇರು, ಒಂದೇ ಅಳತೆ. ಸಂತೆಯಲ್ಲಿ ಬೇಕಾದದ್ದು ಇಲ್ಲಿಯೂ ಬೇಕು. ಆದರೆ ಸಿದ್ಧ ಉತ್ತರಗಳ ಪಟ್ಟಿಯೊಳಗೆ ಎಲ್ಲವೂ ಹಿಡಿಸುವುದಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಒಂದೊಂದು ಪ್ರಶ್ನೆಗೂ ಉತ್ತರಗಳ ಸಾಲು ಮೊದಲೇ ಇದೆ, ಆರಿಸಿಕೊಂಡರೆ ಆಯಿತು. ದಣಿದ ರಾತ್ರಿಯಲ್ಲಿ ಎಲ್ಲದಕ್ಕೂ 'ಸಹಜ' ಅಂತ ಒತ್ತಿಬಿಡುವ ಆಸೆ ಬರುತ್ತದೆ. ನೋಡದ ಕಣ್ಣಿನ ಪಾಪೆಯನ್ನು 'ಸಹಜ' ಅಂತ ಒತ್ತಿದರೆ ಅದು ಸುಳ್ಳು. ಖಾಲಿ ಬಿಟ್ಟರೆ ನೋಡಿಲ್ಲ ಅಂತಾದರೂ ತಿಳಿಯುತ್ತದೆ. ಯಂತ್ರ ತಾನಾಗಿ ತುಂಬುವ ಅಂಕಿಯನ್ನೂ ನಂಬಿ ಬಿಡಬಾರದು. ಆಷಾಢದ ಮಳೆಯಲ್ಲಿ ನೆನೆದು ಬೆರಳು ತಣ್ಣಗಿದ್ದರೆ ಸ್ಯಾಚುರೇಶನ್ ತಪ್ಪು ತೋರಿಸುತ್ತದೆ. ಬೆರಳು ಉಜ್ಜಿ, ಬಿಸಿ ಮಾಡಿ, ಇನ್ನೊಮ್ಮೆ ನೋಡಿ ಬರೆಯಬೇಕು.

ತಮ್ಮ: ಬರೆಯುವ ಪದಗಳಲ್ಲೂ ಎಚ್ಚರ ಬೇಕಲ್ಲ? ನಾಳೆ ಕೋರ್ಟಿಗೆ ಹೋಗಬಹುದಾದ ಕಾಗದ ಅದು.

ಅಕ್ಕ: ವಿಷ ಕುಡಿದವರ ಮನೆಯಲ್ಲಿ 'ವಾಂತಿಭೇದಿ' ಅನ್ನುತ್ತಾರೆ. ಮರ್ಯಾದೆಗೆ ಅಂಜಿ ಹಾಗೆ ಹೇಳುತ್ತಾರೆ, ಅವರನ್ನು ಬೈಯುವುದು ನನ್ನ ಕೆಲಸವಲ್ಲ. 'ಬಾಯಿಯಿಂದ ಕೀಟನಾಶಕದ ವಾಸನೆ, ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದು, ಜೊಲ್ಲು ಹೆಚ್ಚು' ಅಂತ ಬರೆಯುತ್ತೇನೆ. ಕೊಟ್ಟಿಗೆಯಲ್ಲಿ ಬಾಟಲಿ ಸಿಕ್ಕಿದರೆ ಲೇಬಲ್ಲಿನ ಫೋಟೊ ತೆಗೆಯುತ್ತೇನೆ. ಯಾಕೆ ಕುಡಿದರು, ಯಾರು ಕಾರಣ ಅನ್ನುವ ತೀರ್ಪು ಮಾತ್ರ ಬರೆಯುವುದಿಲ್ಲ. ಕಣ್ಣು ಕಂಡದ್ದು, ಮೂಗು ಹಿಡಿದದ್ದು, ಅಷ್ಟೇ.

ತಮ್ಮ: ಇಷ್ಟು ಶ್ರದ್ಧೆಯಿಂದ ಬರೆಯುವವಳಿಗೆ ಈ ದಾಖಲೆಯ ಮೇಲೆ ನಂಬಿಕೆ ಇರಬೇಕಲ್ಲ. ಆದರೂ ನಿನ್ನ ಮಾತಿನಲ್ಲಿ ಏನೋ ಕೊರಗು ಕೇಳಿಸುತ್ತದೆ.

ಅಕ್ಕ: ಇದೆ. ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮನೆಯಲ್ಲೇ ಹೆರಿಗೆಯಾದ ಹುಡುಗಿಯೊಬ್ಬಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಯಾವ ಆಸ್ಪತ್ರೆ ಅನ್ನುವುದು ಬೇಡ. ಮಗು ಚೆನ್ನಾಗಿತ್ತು, ರಕ್ತಸ್ರಾವ ಹಿಡಿತದಲ್ಲಿತ್ತು. ಬಿಪಿ 150/100. ದಾರಿಯಲ್ಲಿ ಒಂದೇ ಸಲ 'ತಲೆ ಸಿಡಿಯುತ್ತಿದೆ ಅಕ್ಕ' ಅಂದಳು. ಟ್ಯಾಬ್ಲೆಟ್ಟಿನಲ್ಲಿ ಎರಡನ್ನೂ ಬರೆದೆ. ಬಿಪಿ ಅದರ ಕೋಣೆಯಲ್ಲಿ, ತಲೆನೋವು ಕೊನೆಯ ಪುಟದ ಟಿಪ್ಪಣಿಯಲ್ಲಿ. ಆಸ್ಪತ್ರೆಯಲ್ಲಿ ಅವತ್ತು ಜಾತ್ರೆಯಷ್ಟು ಜನ. ಹೊರಗೆ ಇನ್ನೊಂದು ಕರೆ ಕಾಯುತ್ತಿತ್ತು. 'ತಾಯಿ ಮಗು ಇಬ್ಬರೂ ಕ್ಷೇಮ, ವಿವರ ಎಲ್ಲ ಇದರಲ್ಲಿದೆ' ಅಂದು ಸಹಿ ಹಾಕಿಸಿಕೊಂಡು ಓಡಿದೆ.

ತಮ್ಮ: ಕೊನೆಯ ಪುಟ ಯಾರೂ ನೋಡಲಿಲ್ಲ.

ಅಕ್ಕ: ನೋಡಲಿಲ್ಲ. ಮೂರನೆಯ ದಿನ ಅವಳಿಗೆ ಫಿಟ್ಸ್ ಬಂತು. ಮೆಗ್ನೀಸಿಯಂ ಸಲ್ಫೇಟ್ ಕೊಟ್ಟು ಉಳಿಸಿಕೊಂಡರು, ದೇವರು ದೊಡ್ಡವನು. ಹೆರಿಗೆಯಾದ ಮೇಲೂ ಗರ್ಭನಂಜು ಬರುತ್ತದೆ, ಬಿಪಿಯ ಜೊತೆ ತಲೆನೋವು ಅದರ ಮುನ್ಸೂಚನೆ ಅಂತ ನನಗೆ ಗೊತ್ತಿತ್ತು. ಬರೆದಿದ್ದೆ, ಹೇಳಿರಲಿಲ್ಲ. ಅವರ ಕೈಯಲ್ಲಿ ದಾಖಲೆ ಇತ್ತು, ಓದಿರಲಿಲ್ಲ. ನಡುವೆ ಆ ಹುಡುಗಿ ಬಿದ್ದಳು.

ತಮ್ಮ: ಅಕ್ಕ...

ಅಕ್ಕ: ಕೇಳು. ಕತ್ತು ನಿಲ್ಲದ ಕೂಸನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೇಗೆ ಕೊಡುತ್ತೇವೆ? ತೆಗೆದುಕೊಳ್ಳುವವರ ಅಂಗೈ ತಲೆಯ ಕೆಳಗೆ ಬಂದದ್ದು ಗೊತ್ತಾದಮೇಲೆ ತಾನೇ ನಮ್ಮ ಕೈ ಜಾರಿಸುವುದು? ರೋಗಿಯನ್ನು ಒಪ್ಪಿಸುವುದೂ ಹಾಗೇ. ಟ್ಯಾಬ್ಲೆಟ್ ಬಂದಮೇಲೆ 'ಅದರಲ್ಲಿದೆ' ಅನ್ನುವ ಮಾತು ಸುಲಭವಾಯಿತು. ಆ ಮಾತು ಹೇಳಿ ನಾನು ಕೈ ಬಿಟ್ಟೆ. ಅವರ ಕೈ ಇನ್ನೂ ಬಂದಿರಲಿಲ್ಲ.

ತಮ್ಮ: ನಮ್ಮಲ್ಲಿ ಗಾಯಾಳು ಬಂದಾಗ ಪ್ಯಾರಾಮೆಡಿಕ್ ಒಪ್ಪಿಸುವ ಅರ್ಧ ನಿಮಿಷ ಯಾರೂ ಮಾತಾಡಬಾರದು, ಪ್ರಾಣಕ್ಕೆ ಅಪಾಯ ಇಲ್ಲದಿದ್ದರೆ ಯಾರೂ ರೋಗಿಯನ್ನು ಮುಟ್ಟಲೂಬಾರದು. ವಯಸ್ಸು, ಹೊತ್ತು, ಪೆಟ್ಟು ಬಿದ್ದ ಬಗೆ, ಗಾಯ, ಲಕ್ಷಣ, ಕೊಟ್ಟ ಚಿಕಿತ್ಸೆ, ಇದೇ ಕ್ರಮ. ದಾಖಲೆ ಪರದೆಯ ಮೇಲೆ ಆಗಲೇ ಬಂದಿದ್ದರೂ ಬಾಯಿಮಾತು ತಪ್ಪುವುದಿಲ್ಲ.

ಅಕ್ಕ: ನಾನೂ ಈಗ ಹಾಗೇ ಮಾಡುತ್ತೇನೆ. ಬೆಳಗಿನ ಕೊನೆಗಾರನ ವಿಷಯದಲ್ಲಿ ಅಂದದ್ದು ಇಷ್ಟು: 'ನಲವತ್ತೆರಡು ವರ್ಷ, ಎಂಟು ಗಂಟೆಗೆ ಅಡಿಕೆ ಮರದಿಂದ ಸುಮಾರು ಇಪ್ಪತ್ತಡಿ, ಎಡ ತೊಡೆ ಮುರಿದಿದೆ, ಎರಡು ಪಾದದಲ್ಲೂ ಸ್ಪರ್ಶ ಇದೆ, ಬಿಪಿ 90/60, ನಾಡಿ 118, ಡ್ರಿಪ್ ಹೋಗುತ್ತಿದೆ.' ಆಮೇಲೆ ಒಂದು ವಾಕ್ಯ ಸೇರಿಸುತ್ತೇನೆ: 'ನನಗೆ ಚಿಂತೆ ಇರುವುದು ಇದು.' ಅದನ್ನು ಡ್ಯೂಟಿ ಡಾಕ್ಟರ್ ತಿರುಗಿ ಹೇಳುವ ತನಕ ಕಾಲು ಕೀಳುವುದಿಲ್ಲ.

ತಮ್ಮ: ಆ ಹುಡುಗಿಗೆ ಫಿಟ್ಸ್ ಬಂದದ್ದು ನಿನಗೆ ಹೇಗೆ ತಿಳಿಯಿತು?

ಅಕ್ಕ: ಆರು ತಿಂಗಳಾದಮೇಲೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಆಶಾ ಕಾರ್ಯಕರ್ತೆಯ ಬಾಯಿಂದ. ನನ್ನ ನಿಜವಾದ ಕೊರಗು ಅದು. ಆ ಆರು ತಿಂಗಳಲ್ಲಿ ಎಷ್ಟು ಬಾಣಂತಿಯರನ್ನು ಹೀಗೇ ಒಪ್ಪಿಸಿ ಬಂದೆನೋ! ನಾವು ಬರೆದದ್ದು ಒಳಗೆ ಹೋಗುತ್ತದೆ, ಒಳಗಿನದು ನಮ್ಮತ್ತ ಬರುವುದಿಲ್ಲ. ನಾನು ಅಂದುಕೊಂಡ ಕಾಯಿಲೆ ಅದೇ ಹೌದೋ, ಕೊಟ್ಟ ಔಷಧ ಸರಿಯೋ, ಅವರು ಮನೆಗೆ ಹೋದರೋ, ತಿಳಿಯುವುದಿಲ್ಲ. ಬಿತ್ತಿದವನಿಗೆ ಪೈರು ತೋರಿಸದಿದ್ದರೆ ಮುಂದಿನ ವರ್ಷ ಅವನು ಹೇಗೆ ಬಿತ್ತಬೇಕು?

ತಮ್ಮ: ಅಮೆರಿಕದಲ್ಲಿ ಆಂಬುಲೆನ್ಸನ್ನೂ ಆಸ್ಪತ್ರೆಯನ್ನೂ ಜೋಡಿಸುವ ಕೆಲಸಕ್ಕೆ ನಾಲ್ಕು ಮೆಟ್ಟಿಲು ಹೇಳಿದ್ದಾರೆ. ಹಳೆಯ ದಾಖಲೆ ಹುಡುಕುವುದು, ಆಸ್ಪತ್ರೆಗೆ ಮೊದಲೇ ಎಚ್ಚರ ಕೊಡುವುದು, ಆಂಬುಲೆನ್ಸಿನ ದಾಖಲೆಯನ್ನು ಆಸ್ಪತ್ರೆಯ ಕಡತಕ್ಕೆ ಸೇರಿಸುವುದು, ಕೊನೆಗೆ ಆಸ್ಪತ್ರೆಯಲ್ಲಿ ಏನಾಯಿತು ಅನ್ನುವುದನ್ನು ಆಂಬುಲೆನ್ಸಿನವರ ದಾಖಲೆಯೊಂದಿಗೆ ತಾಳೆ ಹಾಕಿ ಅವರಿಗೆ ತಿಳಿಸುವುದು. ನೀನು ಕೇಳುತ್ತಿರುವುದು ಆ ನಾಲ್ಕನೆಯದನ್ನು.

ಅಕ್ಕ: ಇಂಗ್ಲೆಂಡಿನಲ್ಲಿ ನೀನು ತಿಳಿಸುತ್ತೀಯ?

ತಮ್ಮ: ಪ್ಯಾರಾಮೆಡಿಕ್‌ಗಳು ಮುಂದಿನ ರೋಗಿಯನ್ನು ತಂದಾಗ ಮೇಜಿನ ಹತ್ತಿರ ನಿಂತು ಕೇಳುತ್ತಾರೆ, 'ಬೆಳಗಿನ ಆ ಅಜ್ಜ ಏನಾದರು?' ಅಂತ. ಕೆಲಸದ ಗಡಿಬಿಡಿಯಲ್ಲಿ 'ವಾರ್ಡಿಗೆ ಹೋದರು' ಅಂದು ಮುಗಿಸಿದ್ದೇ ಹೆಚ್ಚು. ಇನ್ನೊಬ್ಬರ ಗುಟ್ಟು ಕೆದಕುತ್ತಿದ್ದಾರೇನೋ ಅಂತ ಒಮ್ಮೊಮ್ಮೆ ಅನಿಸುತ್ತಿತ್ತು. ಕಲಿಯಲು ಕೇಳುತ್ತಿದ್ದರು ಅನ್ನುವುದು ನಿನ್ನ ಮಾತು ಕೇಳಿದಮೇಲೆ ಹೊಳೆಯುತ್ತಿದೆ.

ಅಕ್ಕ: ರೋಗಿಯನ್ನು ಮುಟ್ಟಿ ಉಪಚರಿಸಿದವರು ನಾವೂ ಹೌದಲ್ಲ. ಹೆಸರು ಊರು ಬೇಡ. ಕೇಸಿನ ನಂಬರಿನ ಮುಂದೆ ಒಂದು ಸಾಲು ಸಾಕು. ಏನು ಕಾಯಿಲೆ ಅಂತಾಯಿತು, ಏನಾದರು. ಆ ಒಂದು ಸಾಲು ನನ್ನ ಟ್ಯಾಬ್ಲೆಟ್ಟಿಗೆ ಮರಳಿ ಬಂದರೆ ನೂರು ತರಬೇತಿಗೆ ಸಮ.

ತಮ್ಮ: ಹೋದಕೂಡಲೇ ನಮ್ಮ ಮೇಲಿನವರ ಹತ್ತಿರ ಮಾತಾಡುತ್ತೇನೆ. ಅದಕ್ಕಿಂತ ಮೊದಲು, ಕೇಳಿದವರಿಗೆ ನಿಂತು ಉತ್ತರ ಕೊಡುತ್ತೇನೆ. ಅದಕ್ಕೆ ಯಾವ ಯಂತ್ರವೂ ಬೇಡ.

ಅಕ್ಕ: ಅಷ್ಟು ಮಾಡು. ತಾಳು, ಕರೆ ಬಂತು. ಹೆರಿಗೆ ನೋವಂತೆ. ಬುತ್ತಿ ಮುಚ್ಚಿಡು, ಬಂದು ಉಣ್ಣುತ್ತೇನೆ. ಆ ಪ್ಲಾಸ್ಟರ್ ಸುರುಳಿ ಕೊಡು ಇಲ್ಲಿ.

ತಮ್ಮ: ನಾನೇ ಅಂಟಿಸುತ್ತೇನೆ. ಗಂಟೆ 1.25. ಬರೆದಿದ್ದೇನೆ ನೋಡು.

ಅಕ್ಕ: ಸರಿ. ಇವತ್ತು ಸ್ವಲ್ಪ ತಡವಾಗಬಹುದು. ಏನಾಯಿತು ಅಂತ ಕೇಳಿಕೊಂಡೇ ಬರುತ್ತೇನೆ.